ಮೂರೂವರೆ

ಕರೆಂಟು ಬಿಲ್ಲಿನ ಬೆನ್ನ ಮೇಲೆ
ರಾತ್ರಿ ಹತ್ತರ ತನಕ ಲೆಕ್ಕ ಹಾಕಿದೆ.
ಬಂಗಾರಪೇಟೆಯಿಂದ ಬೆಂಗಳೂರಿಗೆ
ನಾಲ್ಕು ಜನ, ಒಂದು ಭಾನುವಾರ.
ಕಬ್ಬನ್ ಪಾರ್ಕು,
ಮೆಟ್ರೊ ಒಂದೇ ಒಂದು ಸ್ಟೇಷನ್ನು,
ಮತ್ತೆ ಮನೆ.

ಕೆಂಪು ಬಸ್ಸಿನಲ್ಲಿ ನನಗೂ ಅತ್ತೆಗೂ ಸೊನ್ನೆ,
ಆಧಾರ್ ತೋರಿಸಿದರೆ ಆಯಿತು.
ಇವರಿಗೆ ಮಾತ್ರ ತೊಂಬತ್ತು.
ಪ್ಯಾಸೆಂಜರ್ ರೈಲಾದರೆ ಇಪ್ಪತ್ತೈದೇ,
ಆದರೆ ರೈಲಿಗೆ ಗಂಡು ಹೆಣ್ಣು ಗೊತ್ತಿಲ್ಲ,
ಎಲ್ಲರ ಹತ್ತಿರವೂ ಕೇಳುತ್ತದೆ.

ಹಾಗಾದರೆ ಇವರು ಹಳಿಯ ಮೇಲೆ,
ನಾವು ಟಾರಿನ ಮೇಲೆ.
ಪೆನ್ಸಿಲ್ಲು ತಾನೇ ಬರೆದ ಹಾಗೆ ಬಂತು ಉತ್ತರ.

ಉಳಿದದ್ದು ಚಿರಂತ್.
ಆರು ತುಂಬಿ ಎರಡು ತಿಂಗಳು.
ಅಪ್ಪನ ಜೊತೆ ರೈಲಿಗೆ ಹೋದರೆ ಅರ್ಧ ಟಿಕೆಟ್ಟು,
ನನ್ನ ಜೊತೆ ಬಸ್ಸಿಗೆ ಬಂದು
ಐದೂವರೆ ಅಂದುಬಿಟ್ಟರೆ ಅವನೂ ಸೊನ್ನೆ.
'ಕೇಳಿದರೆ ಐದೂವರೆ ಅನ್ನು' ಎಂದೆ,
ದೇವರ ಪಟದ ಕಡೆ ನೋಡದೆ.

ಎಲ್ಲ ಮಾತೂ ಕನ್ನಡದಲ್ಲಿ ಆಡುವ ಅತ್ತೆ
ದುಡ್ಡು ಎಣಿಸುವಾಗ ಮಾತ್ರ ತೆಲುಗಿಗೆ ಇಳಿಯುತ್ತಾರೆ.
'ಪದಿ, ಇರವೈ, ಇರವೈ ಐದು. ಅಂತೇನಾ?'
'ಅಷ್ಟೇ ಅತ್ತೆ.'
ಗೋಡೆಯ ಕಡೆ ಮಗ್ಗುಲಾಗುತ್ತ ಅಂದರು:
'ಗಂಡ ಹೆಂಡ್ತಿ ಒಂದೇ ಊರಿಗೆ
ಎರಡು ಗಾಡೀಲಿ ಹೋಗೋದು
ನಾನೆಲ್ಲೂ ಕಂಡಿಲ್ಲಮ್ಮ.'

ಬೆಳಿಗ್ಗೆ ಸ್ಟೇಷನ್ನಿನ ತಿರುವಿನಲ್ಲಿ ಬೇರೆಯಾದೆವು.
ಚಿತ್ರಾನ್ನದ ಡಬ್ಬಿ ನನ್ನ ಚೀಲದಲ್ಲಿ,
ನೀರಿನ ಬಾಟಲಿ ಇವರ ಕೈಯಲ್ಲಿ.
ಬಸ್ಸು ಹೊರಟ ಮೇಲೆ ಗೊತ್ತಾಯಿತು,
ಆಗ ಕೂಗಿ ಏನು ಪ್ರಯೋಜನ.

'ಮಗುಗೆ ಎಷ್ಟಮ್ಮ?' ಅಂದ ಕಂಡಕ್ಟರು.
ನಾನು ಬಾಯಿ ತೆರೆಯುವುದರೊಳಗೆ
ಒಂದು ಕೈಯ ಐದೂ ಬೆರಳು,
ಇನ್ನೊಂದು ಕೈಯಲ್ಲಿ ಒಂದು,
ಇಡೀ ಬಸ್ಸಿಗೆ ಕಾಣುವಂತೆ ಎತ್ತಿ
'ಆರು!' ಅಂದ.
'ಆರಾಗಿ ಎರಡು ತಿಂಗಳು!'
ಕಿರ್ ಅಂತ ಮಷೀನು ನಲವತ್ತೈದರ ಚೀಟಿ ಹೆರಿತು.
ಹಿಂದಿನ ಸೀಟಲ್ಲಿ ಯಾರೋ ಕಿಸಕ್ಕೆಂದರು.
ಅತ್ತೆ ಕಿಟಕಿಯ ಕಡೆ ತಿರುಗಿ,
ಕಿಟಕಿಗೇ ಹೇಳುವ ಹಾಗೆ,
'ನಲಭೈ ಐದು' ಅಂದರು.

ಟೇಕಲ್ ದಾಟಿ, ಬಂಡೆಗುಡ್ಡಗಳ ಪಕ್ಕ,
ಒಂದು ರೈಲ್ವೆ ಗೇಟು ಹಾಕಿತ್ತು.
ಡ್ರೈವರು ಇಂಜಿನ್ ಆರಿಸಿದ.
ಆ ನಿಶ್ಶಬ್ದದಲ್ಲಿ ಮೊದಲು ಹಳಿ ಗುನುಗಿತು,
ಆಮೇಲೆ ರೈಲು.
ಬಾಗಿಲು ಬಾಗಿಲಲ್ಲೂ ಜೋತುಬಿದ್ದ ಗಂಡಸರು.
'ಅಪ್ಪಾ!' ಎಂದ ಚಿರಂತ್,
ಒಂದು ಬೋಗಿಗಲ್ಲ, ಅಷ್ಟಕ್ಕೂ.
ಐದಾರು ಕೈಗಳು ಮೇಲೆದ್ದವು.
'ಅದು ಅಪ್ಪಂದು!'
'ಯಾವುದೋ?'
'ಹಳದಿ ವಾಚಿಂದು.'
ಇವರಿಗೆ ವಾಚೇ ಇಲ್ಲ.
ಆದರೂ ನಾನೂ ಎತ್ತಿದೆ ಕೈ,
ಬೆರಳ ಸಂದಿಯಲ್ಲಿ ಸೊನ್ನೆ ರೂಪಾಯಿಯ ಟಿಕೆಟ್ಟು
ಗಾಳಿಗೆ ಪಟಪಟ ಅಂದಿತು.

ಪಾರ್ಕು ನೋಡಿದೆವು.
ಬಿದಿರ ಮೆಳೆಯ ನೆರಳಲ್ಲಿ ಡಬ್ಬಿ ಬಿಚ್ಚಿದೆವು.
ನೆಲದ ಅಡಿಯಲ್ಲಿ ಮೆಟ್ರೊ ಹತ್ತಿ
ಮರಗಳ ತುದಿಯ ಹತ್ತಿರ ಇಳಿದೆವು,
ಎರಡೇ ನಿಮಿಷ, ಅತ್ತೆ ಕಂಬ ಬಿಡಲಿಲ್ಲ.
'ಗೇಟಿನ ಹತ್ರ ಎಲ್ಲಿದ್ರಿ?' ಎಂದು ಕೇಳಿದೆ.
'ಬಾಗಿಲಲ್ಲೇ ನಿಂತಿದ್ದೆ. ಆಚೆ ಬಾಗಿಲಲ್ಲಿ.
ನೀವು ಆ ಕಡೆ ಬರ್ತೀರ ಅನ್ಕೊಂಡೆ.'
ನೀರಿನ ಬಾಟಲಿ ತೆಗೆದುಕೊಟ್ಟರು.
ತುಂಬಿದ್ದು ತುಂಬಿದ ಹಾಗೇ ಇತ್ತು.

ಸಂಜೆ, ಕೌಂಟರಿನ ಮುಂದೆ ಉದ್ದ ಸಾಲು.
'ನಮಗೆ ಬಿಟ್ಟಿ ಐತಲ್ಲಪ್ಪ, ಬಸ್ಸು ಆ ಕಡೆ'
ಅಂದರು ಅತ್ತೆ, ಸೆರಗಿನ ಗಂಟು ಮುಟ್ಟಿಕೊಂಡು.
ನಾನು ಕರೆಂಟು ಬಿಲ್ಲಿಗಾಗಿ ಚೀಲದಲ್ಲಿ ತಡಕಾಡಿದೆ.
ಅಷ್ಟರಲ್ಲಿ ಇವರು ಬಗ್ಗಿ
ಗಾಜಿನ ತೂತಿಗೆ ಬಾಯಿಟ್ಟು ಅಂದಿದ್ದರು:
'ಬಂಗಾರಪೇಟೆ. ಮೂರೂವರೆ.'

'ಅರ್ಧ ಯಾರು?' ಅಂದ ಚಿರಂತ್.